ಆರ್ಕ್ಟಿಕ್ ಮಂಕೀಸ್ ‘ದಿ ಕಾರ್’: ವಿಮರ್ಶಕರು ಹೊಗಳಿದರು, ನಮ್ಮವರು ಯಾಕೆ ಮುನಿಸಿಕೊಂಡರು?

ಬಟವಾಡಿ ಕೇಳುಗ
27 ಅಕ್ಟೋಬರ್ 2022

ಇಂಗ್ಲೆಂಡಿನ ರಾಕ್ ಬ್ಯಾಂಡ್ ಆರ್ಕ್ಟಿಕ್ ಮಂಕೀಸ್ ಹೊಸ ಆಲ್ಬಮ್ ‘ದಿ ಕಾರ್’ 21ನೇ ತಾರೀಖು ಬಂತು. ಹಬ್ಬದ ಗಡಿಬಿಡಿಯಲ್ಲಿ ತುಂಬ ಜನ ಕೇಳಿರಲಿಕ್ಕಿಲ್ಲ, ಅದಕ್ಕೇ ಪಟಾಕಿ ಸದ್ದು ಮುಗಿಯಲಿ ಅಂತ ಕಾದೆ. ಹತ್ತು ಹಾಡು, 37 ನಿಮಿಷ. ತುಮಕೂರಲ್ಲಿ ರೈಲು ಹತ್ತಿ ಕೂತರೆ ಯಶವಂತಪುರ ಬರುವ ಮೊದಲೇ ಪೂರ್ತಿ ಕೇಳಿ ಮುಗಿಸಬಹುದು.

ಈ ಚರ್ಚೆ ಶುರು ಮಾಡೋಕೆ ಕಾರಣ ಇದೆ. ಹೊರದೇಶದ ವಿಮರ್ಶಕರು ಹೆಚ್ಚುಕಮ್ಮಿ ಎಲ್ಲರೂ ಹೊಗಳಿದ್ದಾರೆ. ನಮ್ಮ ಗುಂಪಿನಲ್ಲಿ ನೋಡಿದರೆ ‘ಗಿಟಾರ್ ಎಲ್ಲಿ ಹೋಯ್ತು?’, ‘ನಿದ್ದೆ ಬಂತು ಗುರು’, ‘ಬ್ಯಾಂಡ್ ಮುಗೀತು’ ಅಂತ ಮೆಸೇಜುಗಳು. ನಡುವೆ ಹಾಡುಗಳ ಬಗ್ಗೆ ಮಾತಾಡಿದವರೇ ಇಲ್ಲ. ಅದು ನನಗೆ ನಿಜವಾಗ್ಲೂ ಬೇಜಾರಾಯ್ತು.

ನನಗೆ ಈ ಆಲ್ಬಮ್ ತುಂಬ ಹಿಡಿಸಿದೆ. ಆದರೆ ವಿಮರ್ಶಕರು ಹೊಗಳಿದ ರೀತಿ ಹಿಡಿಸಿಲ್ಲ. ಎಲ್ಲಿ ಓದಿದರೂ ‘ಬ್ಯಾಂಡ್ ಈಗ ಬೆಳೆದಿದೆ, ಮಾಗಿದೆ’ ಅನ್ನೋ ಮಾತು. ಹಾಗಾದರೆ 2006ರ ಜನವರಿಯಲ್ಲಿ ಬಂದ ಮೊದಲ ಆಲ್ಬಮ್ ಮಕ್ಕಳಾಟವಾ? ಷೆಫೀಲ್ಡಿನ ನಾಲ್ಕು ಹುಡುಗರು ಮಾಡಿದ ಆ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ವಾರವೇ 3,63,735 ಪ್ರತಿ ಮಾರಾಟವಾಯ್ತು. ಅಲ್ಲಿಯವರೆಗೆ ಯಾವ ಬ್ಯಾಂಡಿನ ಮೊದಲ ಆಲ್ಬಮ್ಮೂ ಅಷ್ಟು ಬೇಗ ಮಾರಿರಲಿಲ್ಲ. ಅದೇ ವರ್ಷ, ಬ್ರಿಟನ್ನಿನ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯೂ ಬಂತು. ಆಗ ಹಾಡು ಬರೆದು ಹಾಡುವ ಅಲೆಕ್ಸ್ ಟರ್ನರ್‌ಗೆ 20 ವರ್ಷ. ನೈಟ್ ಕ್ಲಬ್ ಬಾಗಿಲಲ್ಲಿ ತಡೆಯುವ ಬೌನ್ಸರ್, ರಾತ್ರಿ ಟ್ಯಾಕ್ಸಿಗೆ ಕಾಯುವ ಸಾಲು, ಹುಡುಗ ಹುಡುಗಿಯರ ಜಗಳ, ಇದನ್ನೆಲ್ಲ ಅಷ್ಟು ಚುರುಕಾಗಿ ಬರೆಯೋಕೆ ಮಾಗಿದ ಕಣ್ಣೇ ಬೇಕು.

ಈಗ ಅವನಿಗೆ 36. ಬೇರೆ ಥರದ ಹಾಡು ಬರೆದಿದ್ದಾನೆ. ಪಿಯಾನೊ ಇದೆ, ವಯಲಿನ್‌ಗಳು ಇವೆ, ದನಿ ಮೇಲಿನ ಸ್ಥಾಯಿಗೆ ಹೋಗಿ ತೆಳ್ಳಗಾಗುತ್ತೆ. ಮೊದಲ ಹಾಡು ‘ದೇರ್‌ಡ್ ಬೆಟರ್ ಬಿ ಎ ಮಿರರ್‌ಬಾಲ್’ನಲ್ಲಿ ಟರ್ನರ್ ಬಾಯಿ ತೆರೆಯುವ ಮುಂಚೆ ಸುಮಾರು ಹೊತ್ತು ಬರೀ ವಾದ್ಯ. ಆಮೇಲೆ ಒಬ್ಬ ಗಂಡಸು ಪ್ರೀತಿಸಿದವಳನ್ನು ಬೀಳ್ಕೊಡುವ ಹೊತ್ತಿನ ಮಾತು. ಕೂಗಾಟ ಇಲ್ಲ, ದೂರು ಇಲ್ಲ. ಇಂಥ ಹಾಡಿಗೆ ಗಿಟಾರ್ ಯಾಕಿಲ್ಲ ಅಂತ ಕೇಳೋದು ನನಗೆ ಅರ್ಥವಾಗಲ್ಲ.

ದಯವಿಟ್ಟು ಹಾಡುಗಳ ಬಗ್ಗೆ ಬರೀರಿ. ಬೈದರೂ ಪರವಾಗಿಲ್ಲ, ಯಾವ ಹಾಡು, ಎಲ್ಲಿ, ಯಾಕೆ ಅಂತ ಹೇಳಿ ಬೈರಿ.

ಗುಬ್ಬಿ ಗಿಟಾರ್
27 ಅಕ್ಟೋಬರ್ 2022

ಸರಿ ಅಣ್ಣ, ಹಾಡಿನ ಬಗ್ಗೆಯೇ ಹೇಳ್ತೀನಿ.

ಆಲ್ಬಮ್ ಪೂರ್ತಿ ಕೇಳಿ ಆದ್ಮೇಲೆ ಗುನುಗೋಕೆ ಒಂದು ಸಾಲೂ ನಾಲಿಗೆಗೆ ಬರಲಿಲ್ಲ. ‘ಬಿಗ್ ಐಡಿಯಾಸ್’, ‘ಜೆಟ್ ಸ್ಕೀಸ್ ಆನ್ ದಿ ಮೋಟ್’, ‘ಹಲೋ ಯೂ’ ಮೂರನ್ನೂ ಅದಲುಬದಲು ಹಾಕಿದರೆ ತುಂಬ ಜನಕ್ಕೆ ಗೊತ್ತೇ ಆಗಲ್ಲ. ಎಲ್ಲದರಲ್ಲೂ ಅದೇ ನಡೆ, ಅದೇ ವಯಲಿನ್ ಅಲೆ, ಅದೇ ತೆಳ್ಳಗಿನ ದನಿ. ಡ್ರಮ್ಮರ್ ಮ್ಯಾಟ್ ಹೆಲ್ಡರ್ಸ್ ಎಂಥ ವಾದಕ ಅಂತ ನಿಮಗೂ ಗೊತ್ತು. ಅಂಥವನನ್ನ ಕೈ ಕಟ್ಟಿ ಕೂರಿಸಿದ್ದಾರೆ.

ನನ್ನ ನಿಜವಾದ ಸಂಕಟ ಬೇರೆ. ಮೊದಲ ಆಲ್ಬಮ್ಮಿನ ಹಾಡುಗಳಲ್ಲಿ ಇದ್ದದ್ದು ಷೆಫೀಲ್ಡ್. ನಾನು ಆ ಊರು ನೋಡಿಲ್ಲ. ಆದರೂ ಟ್ಯಾಕ್ಸಿಗೆ ಕಾಯುವ ಸಾಲಿನ ಹಾಡು ಕೇಳಿದಾಗ ನನಗೆ ಕಂಡಿದ್ದು ರಾತ್ರಿ ಹತ್ತೂವರೆಗೆ ತುಮಕೂರು ಬಸ್ ಸ್ಟ್ಯಾಂಡ್. ಕೊನೆ ಗುಬ್ಬಿ ಬಸ್ಸಿಗೆ ಕಾಯುವ ಜನ, ಜಗಳ, ಕಡಲೆಕಾಯಿ ಗಾಡಿ. ಅವನು ಅವನ ಊರಿನ ಬಗ್ಗೆ ಅಷ್ಟು ನಿಖರವಾಗಿ ಬರೆದದ್ದಕ್ಕೇ ಅದು ನನ್ನ ಊರೂ ಆಯ್ತು. ಈಗಿನ ಹಾಡುಗಳಲ್ಲಿ ಸಿನಿಮಾ ಸೆಟ್ಟು, ಹೋಟೆಲ್ಲು, ಯಾರೋ ದೊಡ್ಡವರ ರಜೆ. ಅಲ್ಲಿ ನನಗೆ ನಿಲ್ಲೋಕೆ ಜಾಗ ಇಲ್ಲ. ಬಸ್ಸಾರು ಮುದ್ದೆ ಬಡಿಸುತ್ತಿದ್ದ ಮನೆಯಲ್ಲಿ ಬೆಳ್ಳಿ ಬಟ್ಟಲಲ್ಲಿ ಸೂಪ್ ಕೊಟ್ಟ ಹಾಗಾಗಿದೆ. ಸೂಪ್ ಚೆನ್ನಾಗೇ ಇರಬಹುದು, ಹೊಟ್ಟೆ ತುಂಬಲ್ಲ.

ಹಾಸ್ಟೆಲ್ ಮೇಲ್ಮಹಡಿ
28 ಅಕ್ಟೋಬರ್ 2022

ನಾನು ಇಂಜಿನಿಯರಿಂಗ್ ಎರಡನೇ ವರ್ಷ. ನಮ್ಮ ಹಾಸ್ಟೆಲ್‌ನಲ್ಲಿ ಈ ಬ್ಯಾಂಡ್ ಎಲ್ಲರಿಗೂ ಗೊತ್ತು, ಆದರೆ ಎಲ್ಲ ರೀಲ್ಸ್ ಮೂಲಕ. ‘ಐ ವಾನ ಬಿ ಯುವರ್ಸ್’ ಮತ್ತು ‘505’ ಕೇಳದ ಹುಡುಗಿ ನಮ್ಮ ಬ್ಲಾಕಿನಲ್ಲಿ ಇಲ್ಲ. ಒಂದು 2013ರದ್ದು, ಇನ್ನೊಂದು 2007ರದ್ದು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ನಮಗೆ ಎರಡೂ ಒಂದೇ ಸಲ ಬಂದವು. ‘ಹಳೇ ಸದ್ದು, ಹೊಸ ಸದ್ದು’ ಅನ್ನೋ ಜಗಳ ನಮ್ಮಲ್ಲಿ ಅಷ್ಟಾಗಿ ಇಲ್ಲ, ಯಾಕಂದ್ರೆ ನಾವು ಅವರನ್ನ ವರ್ಷದ ಲೆಕ್ಕದಲ್ಲಿ ಕೇಳಿಲ್ಲ.

ಗುಬ್ಬಿ ಅಣ್ಣ ಜಾಗ ಇಲ್ಲ ಅಂದ್ರಿ. ನನಗೆ ‘ಬಾಡಿ ಪೇಂಟ್’ನಲ್ಲಿ ಜಾಗ ಸಿಕ್ಕಿತು. ಮೋಸ ಮಾಡಿದ ವ್ಯಕ್ತಿಯ ಮೈಮೇಲೆ ಇನ್ನೂ ಬಣ್ಣದ ಗುರುತು ಉಳಿದಿದೆ, ಅದನ್ನ ಈ ಕಡೆಯವರು ನೋಡಿಬಿಡ್ತಾರೆ. ಅಷ್ಟೇ ಹಾಡು. ಅದಕ್ಕೆ ಷೆಫೀಲ್ಡೂ ಬೇಡ, ತುಮಕೂರೂ ಬೇಡ. ಮೊದಲು ದನಿ ಸಿಹಿಯಾಗಿ, ತುಂಬ ಸಭ್ಯವಾಗಿ ಇರುತ್ತೆ. ಕೊನೆಗೆ ಗಿಟಾರ್ ಬಂದು ಅದೇ ಮಾತನ್ನ ಮತ್ತೆ ಮತ್ತೆ ಹೇಳಿಸುತ್ತೆ. ಸಿಟ್ಟು ಬಂದವರು ಮೊದಲು ಮೆಲ್ಲಗೆ ಮಾತಾಡ್ತಾರೆ ಅಲ್ವಾ, ಅದು ಈ ಹಾಡಲ್ಲಿ ಹಾಗೇ ಇದೆ.

ಕೀಬೋರ್ಡ್ ಮೇಷ್ಟ್ರು, ಎಸ್‌ಎಸ್ ಪುರಂ
29 ಅಕ್ಟೋಬರ್ 2022

ನಾನು ರಾಕ್ ಕೇಳುಗ ಅಲ್ಲ. ಗಣೇಶನ ಪೆಂಡಾಲ್, ಮದುವೆ ರಿಸೆಪ್ಷನ್ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತ ಬಂದವನು, ಈಗ ಮಕ್ಕಳಿಗೆ ಕಲಿಸ್ತೀನಿ. ಒಬ್ಬ ವಿದ್ಯಾರ್ಥಿ ಈ ಚರ್ಚೆ ತೋರಿಸಿದ. ‘ಅದೇ ವಯಲಿನ್ ಅಲೆ’ ಅಂತ ಬರೆದಿದ್ದು ನೋಡಿ ಎರಡು ಮಾತು ಹೇಳೋಣ ಅನ್ನಿಸಿತು.

ನಮ್ಮಂಥವರು ಸ್ಟೇಜಿನಲ್ಲಿ ವಯಲಿನ್ ಗುಂಪು ಬೇಕು ಅಂದಾಗ ಕೀಬೋರ್ಡಿನ ‘ಸ್ಟ್ರಿಂಗ್ಸ್’ ಟೋನ್ ಒತ್ತುತ್ತೇವೆ. ಅದರಲ್ಲಿ ಸ್ವರ ಒತ್ತಿದ ಕ್ಷಣವೇ ಇಪ್ಪತ್ತು ವಯಲಿನ್ ಒಟ್ಟಿಗೆ, ಒಂದೇ ತೂಕದಲ್ಲಿ ಶುರುವಾಗುತ್ತೆ. ನಿಜವಾದ ವಯಲಿನ್ ಹಾಗಲ್ಲ. ಬಿಲ್ಲು ತಂತಿಗೆ ತಾಕುವಾಗ ಒಂದು ಸಣ್ಣ ಕೆರೆತ ಇರುತ್ತೆ. ಒಬ್ಬರು ಒಂದು ಕೂದಲೆಳೆ ಮುಂದೆ, ಒಬ್ಬರು ಹಿಂದೆ. ಸ್ವರ ಹುಟ್ಟಿ, ಹಿಗ್ಗಿ, ಆಮೇಲೆ ತುಂಬಿಕೊಳ್ಳುತ್ತೆ. ಈ ಆಲ್ಬಮ್ಮಿನಲ್ಲಿ ಅದು ಕಿವಿಗೆ ಸಿಗುತ್ತೆ. ಮೊದಲ ಹಾಡಿನ ಆರಂಭದಲ್ಲಿ ಹೆಡ್‌ಫೋನ್ ಹಾಕಿ ಕೇಳಿ. ವಯಲಿನ್‌ಗಳು ಪಿಯಾನೊಗೆ ಅಂಟಿಕೊಂಡು ಹೋಗಲ್ಲ, ಸ್ವಲ್ಪ ತಡೆದು, ಉತ್ತರ ಕೊಟ್ಟ ಹಾಗೆ ಬರುತ್ತವೆ. ನಮ್ಮ ಸಿನಿಮಾ ಹಾಡುಗಳಲ್ಲಿ ಎರಡು ಚರಣಗಳ ನಡುವೆ ವಯಲಿನ್‌ಗೆ ಒಂದು ಜಾಗ ಬಿಟ್ಟುಕೊಡ್ತಾರೆ. ಇಲ್ಲಿ ಹಾಡುಗಾರ ಹಾಡುತ್ತಿರುವಾಗಲೇ ಅವು ಪಕ್ಕದಲ್ಲಿ ಬೇರೆ ಮಾತಾಡುತ್ತಿರುತ್ತವೆ.

ಇನ್ನೊಂದು. ಮೊಬೈಲ್ ಸ್ಪೀಕರಿನಲ್ಲಿ ಕೇಳಿ ‘ಖಾಲಿ ಖಾಲಿ’ ಅಂತ ಹೇಳುವವರಿಗೆ: ಅಷ್ಟು ಚಿಕ್ಕ ಸ್ಪೀಕರ್‌ಗೆ ಕೆಳಗಿನ ಸ್ವರಗಳನ್ನ ಹೊರಡಿಸೋಕೆ ಆಗಲ್ಲ. ಈ ಆಲ್ಬಮ್ಮಿನಲ್ಲಿ ಬೇಸ್ ಗಿಟಾರ್ ಸುಮ್ನೆ ತಾಳ ಹಿಡಿದಿಲ್ಲ, ಅರ್ಧ ರಾಗವೇ ಅದರಲ್ಲಿದೆ. ಜೋರು ಗಿಟಾರ್ ಹಾಡು ಮೊಬೈಲಿನಲ್ಲೂ ಬದುಕುತ್ತೆ, ಯಾಕಂದ್ರೆ ಅದರ ಜೀವ ನಡುವಿನ ಸ್ವರಗಳಲ್ಲಿ ಇರುತ್ತೆ. ಇದು ಬದುಕಲ್ಲ.

ಗುನುಗೋಕೆ ಬರಲ್ಲ ಅನ್ನೋದಕ್ಕೂ ಕಾರಣ ಇದೆ. ಸಾಲುಗಳು ಉದ್ದ, ಒಂದೇ ಅಳತೆಯಲ್ಲಿ ಮುಗಿಯಲ್ಲ. ಪಲ್ಲವಿ ಅಂತ ಮತ್ತೆ ಮತ್ತೆ ಬರುವ ಭಾಗ ಹಲವು ಹಾಡುಗಳಲ್ಲಿ ಗಟ್ಟಿಯಾಗಿಲ್ಲ. ಗುಬ್ಬಿಯವರು ಗಮನಿಸಿದ್ದು ಸರಿಯಾಗೇ ಇದೆ. ಅದನ್ನ ಕೊರತೆ ಅನ್ನಬೇಕೋ ಬೇಡವೋ ಅನ್ನೋದು ಅವರವರ ಇಷ್ಟ.

ಗುಬ್ಬಿ ಗಿಟಾರ್
29 ಅಕ್ಟೋಬರ್ 2022

ಮೇಷ್ಟ್ರೇ, ಇಂಥ ವಿವರ ಯಾವ ವಿಮರ್ಶೆಯಲ್ಲೂ ನಾನು ಓದಿಲ್ಲ. ತುಂಬ ಥ್ಯಾಂಕ್ಸ್. ಹೆಡ್‌ಫೋನ್ ಹಾಕಿಯೇ ಕೇಳಿದ್ದೆ, ಇನ್ನೊಮ್ಮೆಯೂ ಕೇಳ್ತೀನಿ. ಆದರೆ ನನ್ನ ಮಾತು ಅಲ್ಲೇ ಇದೆ. ಚೆನ್ನಾಗಿ ನುಡಿಸಿದ ವಯಲಿನ್ ಬೇರೆ, ಚೆನ್ನಾಗಿ ಕಟ್ಟಿದ ಹಾಡು ಬೇರೆ.

ಮಾರಿಕುಪ್ಪಂ ಲೋಕಲ್
30 ಅಕ್ಟೋಬರ್ 2022

ಕೆಜಿಎಫ್‌ನಿಂದ ನಮಸ್ಕಾರ. ಈ ‘ಹೊಸ ಸದ್ದು’ ನಮ್ಮ ಮನೆಯಲ್ಲಿ ಯಾರಿಗೂ ಹೊಸದು ಅನ್ನಿಸಲೇ ಇಲ್ಲ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬಹಳ. ಕ್ಲಬ್ಬುಗಳಲ್ಲಿ ಕ್ರಿಸ್‌ಮಸ್, ಹೊಸ ವರ್ಷಕ್ಕೆ ಡ್ಯಾನ್ಸು. ನಮ್ಮ ತಂದೆ ಗಣಿಯಲ್ಲಿ ಕೆಲಸದಲ್ಲಿದ್ದರು. ಅವರಿಗೆ ಆ ಕಾಲದ ನಿಧಾನ ಹಾಡುಗಳು ಪ್ರಾಣ. ಒಬ್ಬ ಹಾಡುಗಾರ, ಹಿಂದೆ ವಯಲಿನ್ ಸಾಲು, ಕೈಯಲ್ಲಿ ಬ್ರಷ್ ಹಿಡಿದ ಡ್ರಮ್ಮರ್. ಮೊನ್ನೆ ಮಗ ಸ್ಪೀಕರಿನಲ್ಲಿ ‘ದಿ ಕಾರ್’ ಹಾಕಿದ. ಅಪ್ಪ ಒಳಗಿನಿಂದ ಎದ್ದು ಬಂದು ಕೂತರು. ‘ಇದು ಯಾವ ವರ್ಷದ್ದು?’ ಅಂತ ಕೇಳಿದರು. ಈ ವರ್ಷದ್ದು, ಈ ತಿಂಗಳದ್ದು ಅಂದೆ. ನಂಬಲಿಲ್ಲ.

ವಿಮರ್ಶಕರು ಅರವತ್ತರ ದಶಕದ ಹಾಡುಗಾರ ಸ್ಕಾಟ್ ವಾಕರ್ ಹೆಸರು, ಜೇಮ್ಸ್ ಬಾಂಡ್ ಸಿನಿಮಾಗಳಿಗೆ ಸಂಗೀತ ಕೊಟ್ಟ ಜಾನ್ ಬ್ಯಾರಿ ಹೆಸರು ಹೇಳಿದ್ದು ಇದಕ್ಕೇ. ಟರ್ನರ್ ಮುಂದಕ್ಕೆ ಹೋಗಿದ್ದಾನೆ ಅಂತ ಎಲ್ಲರೂ ಬರೀತಾರೆ, ನನ್ನ ಪ್ರಕಾರ ಅವನು ಅಜ್ಜನ ಕಾಲಕ್ಕೆ ಹೋಗಿದ್ದಾನೆ. ಅದರಲ್ಲಿ ತಪ್ಪೇನೂ ಇಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿಂದ ಎಷ್ಟೋ ಕುಟುಂಬಗಳು ಹೊರಟವು, ಅವರ ಜೊತೆ ಆ ಹಾಡುಗಳೂ ಹೊರಟವು. ನನ್ನ ಮಗನ ಫೋನಿನಲ್ಲಿ ಆ ಸದ್ದು ವಾಪಸ್ ಬಂದಿದ್ದು ನನಗೆ ದೊಡ್ಡ ವಿಷಯ.

ಶಿರಾ ಗೇಟ್ ಸ್ಪೀಕರ್
2 ನವೆಂಬರ್ 2022

ಇಷ್ಟು ದುಡ್ಡು ಸುರಿದು ವಯಲಿನ್ ತಂಡ ಕರೆಸಿ ಮಾಡಿದ್ದನ್ನ ಇನ್ನೂ ‘ಇಂಡೀ’ (ದೊಡ್ಡ ಕಂಪನಿಗಳ ಹಂಗಿಲ್ಲದ ಸಂಗೀತ) ಅಂತ ಯಾಕೆ ಕರೀಬೇಕು?

ಬಟವಾಡಿ ಕೇಳುಗ
2 ನವೆಂಬರ್ 2022

ಡೊಮಿನೊ ಅನ್ನೋ ಸ್ವತಂತ್ರ ಕಂಪನಿಯಿಂದಲೇ ಇವರ ಏಳೂ ಆಲ್ಬಮ್ ಬಂದಿವೆ. 1993ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿ ಅದು. ಹೆಸರು ಬಂದ ಮೇಲೂ ಇವರು ದೊಡ್ಡ ಕಂಪನಿಗೆ ಹಾರಲಿಲ್ಲ. ಮಾರಾಟದ ವಿಷಯ ಹೇಳಬೇಕಂದ್ರೆ, ಟೇಲರ್ ಸ್ವಿಫ್ಟ್ ‘ಮಿಡ್‌ನೈಟ್ಸ್’ ಕೂಡ ಅದೇ 21ನೇ ತಾರೀಖು ಬಂತು. ಹಾಗಾಗಿ ‘ದಿ ಕಾರ್’ ಬ್ರಿಟನ್ನಿನಲ್ಲಿ ಎರಡನೇ ಸ್ಥಾನ. ಅವರ ಹಿಂದಿನ ಆರೂ ಅಲ್ಲಿ ಒಂದನೇ ಸ್ಥಾನದಲ್ಲಿದ್ದವು. ಇದನ್ನೇ ಹಿಡಿದು ‘ಬಿದ್ದರು’ ಅಂತ ಬರೆಯುವವರಿಗೆ ನನ್ನ ಹತ್ರ ಉತ್ತರ ಇಲ್ಲ, ಬೇಕಾಗೂ ಇಲ್ಲ.

ಗುಬ್ಬಿ, ನೀನು ಹೇಳಿದ ಜಾಗದ ಮಾತು ಈ ವಾರ ಪೂರ್ತಿ ತಲೆಯಲ್ಲಿತ್ತು. ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಈ ಜಗಳ 2018ರಲ್ಲೇ ಶುರುವಾಯ್ತು. 2013ರ ‘ಎಎಂ’ ಆಲ್ಬಮ್ ಪ್ರಪಂಚ ಪೂರ್ತಿ ಓಡಿತ್ತು. ಅದರ ಮುಂದಿನದಕ್ಕೆ ಜನ ಐದು ವರ್ಷ ಕಾದರು. ಟರ್ನರ್‌ಗೆ ಮೂವತ್ತು ತುಂಬಿದಾಗ ಅವರ ಮ್ಯಾನೇಜರ್ ಒಂದು ಪಿಯಾನೊ ಉಡುಗೊರೆ ಕೊಟ್ಟಿದ್ದರು. ಅವನು ಅದರ ಮುಂದೆ ಕೂತು ಹಾಡು ಬರೆಯತೊಡಗಿದ. ಹಾಗೆ ಹುಟ್ಟಿದ್ದು ‘ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಅಂಡ್ ಕ್ಯಾಸಿನೊ’. ಅಪೊಲೊ 11 ಇಳಿದ ಜಾಗದಲ್ಲಿ, ಚಂದ್ರನ ಮೇಲೆ, ಒಂದು ಹೋಟೆಲ್ಲು. ಬಿಡುಗಡೆಗೆ ಮುಂಚೆ ಒಂದು ಹಾಡನ್ನೂ ಹೊರಗೆ ಬಿಡಲಿಲ್ಲ. 2018ರ ಮೇ 11ಕ್ಕೆ ಒಮ್ಮೆಗೇ ಎಲ್ಲ ಕೇಳಿದ ಜನ ದಂಗಾದರು. ಅದರಲ್ಲಿ ‘ಫೋರ್ ಔಟ್ ಆಫ್ ಫೈವ್’ ಅಂತ ಒಂದು ಹಾಡಿದೆ. ಚಂದ್ರನ ಮೇಲೆ ತೆರೆದ ಒಂದು ತಿಂಡಿ ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್ ರಿವ್ಯೂ ಸಿಕ್ಕ ಕಥೆ. ಎಲ್ಲದಕ್ಕೂ ಸ್ಟಾರ್ ಕೊಡುವ ನಮ್ಮ ಅಭ್ಯಾಸದ ಬಗ್ಗೆ ಅವನು ಹಾಡೇ ಬರೆದಿದ್ದ. ನಾವು ಆ ಹಾಡಿಗೂ ಸ್ಟಾರ್ ಕೊಟ್ಟು ಕೂತೆವು.

‘ದಿ ಕಾರ್’ನಲ್ಲಿ ‘ಸ್ಕಲ್ಪ್ಚರ್ಸ್ ಆಫ್ ಎನಿಥಿಂಗ್ ಗೋಸ್’ ಕೇಳು. ಮೂಗ್ ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯದ ದಪ್ಪ, ಕತ್ತಲೆಯಂಥ ಸ್ವರದ ಮೇಲೆ ಅವನು ಹಾಡ್ತಾನೆ. ಅದರಲ್ಲಿ ಒಂದು ಸಾಲು ನೇರವಾಗಿ ಈ ಜಗಳದ್ದೇ: ಜನ ತಮ್ಮವನು ಅಂದುಕೊಂಡಿದ್ದ ಹಾಡುಗಾರ, ಅವನ ಈ ಭಯಂಕರ ಹೊಸ ಸದ್ದು, ಒಡೆದುಹೋದ ಆ ನಂಟು. ‘ನನ್ನ ಊರು ಅಲ್ಲಿಲ್ಲ’ ಅಂತ ನೀನು ಇಲ್ಲಿ ಬರೆದಿದ್ದು ಅವನಿಗೆ ಅಲ್ಲಿ ಗೊತ್ತಿದೆ. ಗೊತ್ತಿದ್ದೂ ವಾಪಸ್ ಬರಲಿಲ್ಲ. ಬಂದಿದ್ದರೆ ಸುಳ್ಳಾಗುತ್ತಿತ್ತು ಅಂತ ನನಗನ್ನಿಸುತ್ತೆ. ಟ್ಯಾಕ್ಸಿ ಸಾಲಿನಲ್ಲಿ ನಿಲ್ಲದ ಮನುಷ್ಯ ಟ್ಯಾಕ್ಸಿ ಸಾಲಿನ ಹಾಡು ಬರೆದು ನಮಗೆ ಮಾರಿದರೆ ನಿನಗೆ ಖುಷಿಯಾಗುತ್ತಿತ್ತಾ? ಸಿನಿಮಾ ಸೆಟ್ಟು, ಹೋಟೆಲ್ಲು, ಇದು ಅವನು ಈಗ ಬದುಕುತ್ತಿರುವ ಜಾಗ. ಮೊದಲ ಆಲ್ಬಮ್ಮಿನಲ್ಲಿ ನಿನ್ನನ್ನ ಹಿಡಿದಿಟ್ಟಿದ್ದು ಅದೇ ಪ್ರಾಮಾಣಿಕತೆ ಅಲ್ವಾ?

ಕೇಳುಗರು ಮುನಿಸಿಕೊಳ್ಳೋದು ಹೊಸದಲ್ಲ. 1966ರ ಮೇನಲ್ಲಿ ಮ್ಯಾಂಚೆಸ್ಟರಿನ ಹಾಲ್ ಒಂದರಲ್ಲಿ ಬಾಬ್ ಡಿಲನ್‌ಗೆ ಸಭೆಯಿಂದ ಒಬ್ಬ ‘ಜೂಡಾಸ್’ (ಯೇಸುವಿಗೆ ದ್ರೋಹ ಮಾಡಿದವನ ಹೆಸರು) ಅಂತ ಕೂಗಿದ. ಅವನ ಸಿಟ್ಟು ಎಲೆಕ್ಟ್ರಿಕ್ ಗಿಟಾರ್ ಬಂತು ಅಂತ. ನಮ್ಮ ಸಿಟ್ಟು ಎಲೆಕ್ಟ್ರಿಕ್ ಗಿಟಾರ್ ಹೋಯ್ತು ಅಂತ. ಇನ್ನೊಂದು ಇಂಗ್ಲಿಷ್ ಬ್ಯಾಂಡ್ ರೇಡಿಯೊಹೆಡ್ ಗಿಟಾರ್ ಬದಿಗಿಟ್ಟು 2000ದ ಅಕ್ಟೋಬರಿನಲ್ಲಿ ‘ಕಿಡ್ ಎ’ ತಂದಾಗ ಒಂದು ಬ್ರಿಟಿಷ್ ಪತ್ರಿಕೆ ಐದಕ್ಕೆ ಒಂದೂವರೆ ಸ್ಟಾರ್ ಕೊಟ್ಟಿತ್ತು. 2009ರಲ್ಲಿ ‘ರೋಲಿಂಗ್ ಸ್ಟೋನ್’ ಅದೇ ಆಲ್ಬಮ್ಮನ್ನ ದಶಕದ ಅತ್ಯುತ್ತಮ ಅಂತ ಕರೆಯಿತು.

ಗುಬ್ಬಿ ಗಿಟಾರ್
3 ನವೆಂಬರ್ 2022

ಪ್ರಾಮಾಣಿಕತೆಯ ಮಾತು ಒಪ್ಪುತ್ತೇನೆ ಅಣ್ಣ. ‘ಕಿಡ್ ಎ’ ಮಾತು ಒಪ್ಪಲ್ಲ.

ಯಾವ ಬ್ಯಾಂಡ್ ಬದಲಾದರೂ ಯಾರಾದರೊಬ್ಬರು ‘ಕಿಡ್ ಎ’ ತೋರಿಸ್ತಾರೆ. ಜನಕ್ಕೆ ಅಂದೂ ಇಷ್ಟವಾಗದೆ, ಇಂದಿಗೂ ಇಷ್ಟವಾಗದೆ ಉಳಿದ ಆಲ್ಬಮ್ಮುಗಳ ಹೆಸರು ಯಾರೂ ತೆಗೆಯಲ್ಲ, ಯಾಕಂದ್ರೆ ನೆನಪಿರಲ್ಲ. ಕೇಳುಗ ‘ಹಿಡಿಸಲಿಲ್ಲ’ ಅಂದ ತಕ್ಷಣ ‘ಇನ್ನೂ ಹತ್ತು ವರ್ಷ ಬಿಟ್ಟು ಅರ್ಥವಾಗುತ್ತೆ ಬಿಡು’ ಅನ್ನೋದು ಅವನ ಕಿವಿಗೆ ಬೆಲೆ ಕೊಡದ ಮಾತು. ದೊಡ್ಡ ಪತ್ರಿಕೆಗಳ ವಿಮರ್ಶಕರಲ್ಲಿ ನನಗೆ ಆಗದೇ ಇರೋದು ಇದೇ. ಒಂದು ಬ್ಯಾಂಡಿಗೆ ಒಮ್ಮೆ ದೊಡ್ಡ ಹೆಸರು ಬಂದ ಮೇಲೆ ಅದು ಏನು ಮಾಡಿದರೂ ‘ಧೈರ್ಯದ ಹೆಜ್ಜೆ’. ಅದೇ ಹಾಡುಗಳನ್ನ ಹೆಸರಿಲ್ಲದ ಒಂದು ಹೊಸ ಬ್ಯಾಂಡ್ ತಂದಿದ್ದರೆ ಎಷ್ಟು ಪತ್ರಿಕೆಗಳು ಬರೆಯುತ್ತಿದ್ದವು? ನಮ್ಮ ಕಾಲೇಜು ಫೆಸ್ಟಿನಲ್ಲಿ ಒಂದು ಹುಡುಗರ ಬ್ಯಾಂಡ್ ಇಷ್ಟು ನಿಧಾನದ ಹಾಡು ಹಿಡಿದರೆ ಎರಡನೇ ನಿಮಿಷಕ್ಕೆ ಸ್ಟೇಜಿನಿಂದ ಇಳಿಸ್ತಾರೆ.

ಹಾಸ್ಟೆಲ್ ಮೇಲ್ಮಹಡಿ
3 ನವೆಂಬರ್ 2022

ಇಳಿಸೋದು ಹೌದು ಅಣ್ಣ. ಆದರೆ ಅದು ಫೆಸ್ಟಿನ ತಪ್ಪು, ನಿಧಾನದ ಹಾಡಿನದ್ದಲ್ಲ. ಆ ಹುಡುಗರ ಪರ ನೀವೇ ಜಗಳ ಆಡಬೇಕಿತ್ತು.

ಚಿಂತಾಮಣಿ ತಮಟೆ
30 ಜನವರಿ 2023

ತಡವಾಗಿ ಬಂದೆ. ನಿನ್ನೆ ಮುಂಬೈನಲ್ಲಿದ್ದೆ, ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ಭಾರತದ ಮೊದಲ ಲೊಲಪಲೂಜಾ ಸಂಗೀತ ಉತ್ಸವ. ಅಮೆರಿಕದ ರಾಕ್ ಬ್ಯಾಂಡ್ ದಿ ಸ್ಟ್ರೋಕ್ಸ್ ನೋಡೋಕೆ ಅಂತಲೇ ಹೋಗಿದ್ದು. 2018ರ ಚಂದ್ರನ ಆಲ್ಬಮ್ ಶುರುವಾಗೋದೇ ‘ನನಗೆ ಸ್ಟ್ರೋಕ್ಸ್‌ನಲ್ಲಿ ಒಬ್ಬನಾಗಬೇಕಿತ್ತು’ ಅನ್ನೋ ಅರ್ಥದ ಸಾಲಿನಿಂದ. ಟರ್ನರ್‌ನ ಹೀರೋಗಳನ್ನ ಕಣ್ಣಾರೆ ನೋಡಿ ಬಂದ ಖುಷಿಯಲ್ಲಿ, ರೈಲಿನಲ್ಲಿ ಕೂತು ಈ ಚರ್ಚೆ ಮೊದಲಿನಿಂದ ಓದಿದೆ.

ನನ್ನದು ತಾಳದ ಕಿವಿ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಮೊನ್ನೆ ತಮಟೆಗಾಗಿ ಪದ್ಮಶ್ರೀ ಘೋಷಣೆಯಾಗಿದೆ. ನಮ್ಮೂರಿನ ಎಲ್ಲರಿಗೂ ಈ ವಾರ ಹಬ್ಬ. ತಮಟೆ ಅಂದ್ರೆ ಬರೀ ಜೋರು ಅಂತ ಹೊರಗಿನವರು ಅಂದುಕೊಂಡಿರ್ತಾರೆ. ಹತ್ತಿರ ನಿಂತು ನೋಡಿದವರಿಗೆ ಗೊತ್ತು, ಚಿಕ್ಕ ಕಡ್ಡಿ ಹಿಡಿದ ಕೈ ಅಂಚಿನಲ್ಲಿ ಎಷ್ಟು ಮೆಲ್ಲಗೆ ಆಡುತ್ತೆ ಅಂತ. ದಪ್ಪ ಕೋಲಿನ ಏಟು ಯಾವಾಗ ಬೀಳಬೇಕು ಅನ್ನೋದನ್ನ ಆ ಸಣ್ಣ ಆಟವೇ ನಿರ್ಧಾರ ಮಾಡುತ್ತೆ.

ಗುಬ್ಬಿಯವರು ಹೆಲ್ಡರ್ಸ್ ಕೈ ಕಟ್ಟಿ ಕೂರಿಸಿದ್ದಾರೆ ಅಂದ್ರು. ‘ಬಾಡಿ ಪೇಂಟ್’ ಮತ್ತೆ ಕೇಳಿ. ಮೊದಲ ಅರ್ಧದಲ್ಲಿ ಅವನು ಬಿಟ್ಟ ಖಾಲಿ ಜಾಗಗಳನ್ನ ಕೇಳಿ. ಒಂದು ಏಟು ಬರಬೇಕಾದಲ್ಲಿ ಬರಲ್ಲ, ಕಿವಿ ಅದಕ್ಕೆ ಕಾಯುತ್ತೆ. ಕೊನೆಗೆ ಬಂದಾಗ ಮೈ ಜುಂ ಅನ್ನುತ್ತೆ. ವೇಗವಾಗಿ ಬಾರಿಸೋದು ಅವನಿಗೆ ಇಪ್ಪತ್ತರಲ್ಲೇ ಬರುತ್ತಿತ್ತು. ಈ ತಡೆ ಈಗ ಬಂದಿದೆ.

ಹಾಗೇ ಒಂದು ವಿಷಯ, ಆಲ್ಬಮ್ಮಿನ ಮುಖಪುಟದ ಫೋಟೊ ತೆಗೆದದ್ದೂ ಹೆಲ್ಡರ್ಸೇ. ಕಟ್ಟಡದ ಮೇಲಿನ ಪಾರ್ಕಿಂಗಿನಲ್ಲಿ ಒಂಟಿಯಾಗಿ ನಿಂತ ಬಿಳಿ ಕಾರು.

ಶಿರಾ ಗೇಟ್ ಸ್ಪೀಕರ್
31 ಜನವರಿ 2023

ಸ್ಟ್ರೋಕ್ಸ್ ಹೇಗಿತ್ತು ಹೇಳಿ ಸರ್, ಅದನ್ನ ಮೊದಲು ಬರೀರಿ!

ಚಿಂತಾಮಣಿ ತಮಟೆ
31 ಜನವರಿ 2023

ಅದಕ್ಕೆ ಬೇರೆ ಚರ್ಚೆ ತೆಗೀತೀನಿ. ಒಂದು ವಾಕ್ಯದಲ್ಲಿ ಆಗಲ್ಲ.

ಗುಬ್ಬಿ ಗಿಟಾರ್
25 ಜೂನ್ 2023

ಶುಕ್ರವಾರ ರಾತ್ರಿ ಇಂಗ್ಲೆಂಡಿನ ಸಂಗೀತ ಉತ್ಸವ ಗ್ಲಾಸ್ಟನ್‌ಬರಿಯಲ್ಲಿ ಆರ್ಕ್ಟಿಕ್ ಮಂಕೀಸ್ ಶೋ ಇತ್ತಲ್ಲ, ಅದರ ವಿಡಿಯೊ ನೋಡಿದೆ. ಅದೇ ವಾರ ಗಂಟಲು ಕೆಟ್ಟು ಡಬ್ಲಿನ್ ಶೋ ರದ್ದಾಗಿತ್ತು. ಇದೂ ಆಗಲ್ವೇನೋ ಅಂತ ಎಲ್ಲರೂ ಹೆದರಿದ್ದರು. ಆಯ್ತು, ಚೆನ್ನಾಗೇ ಆಯ್ತು.

‘ಬಾಡಿ ಪೇಂಟ್’ ಕೊನೆಯಲ್ಲಿ ಟರ್ನರ್ ಗಿಟಾರ್ ಎತ್ತಿ ಅದನ್ನ ಎಳೆದು ಎಳೆದು ನುಡಿಸ್ತಾನೆ. ಆಲ್ಬಮ್ಮಿನಲ್ಲಿ ಅದು ಶುರುವಾಗುವ ಹೊತ್ತಿಗೆ ಹಾಡು ಮುಗಿದಿರುತ್ತೆ. ಸ್ಟೇಜಿನಲ್ಲಿ ಅದಕ್ಕೆ ಉಸಿರಾಡೋಕೆ ಜಾಗ ಸಿಕ್ಕಿದೆ. ಜನ ಆ ಒಂದು ಸಾಲನ್ನ ಒಟ್ಟಿಗೆ ಹಾಡ್ತಾರೆ. ನಾನು ಅಕ್ಟೋಬರಿನಿಂದ ಕೇಳುತ್ತಿದ್ದಿದ್ದು ಇದನ್ನೇ. ಈ ಬ್ಯಾಂಡಿಗೆ ಇದು ಇನ್ನೂ ಬರುತ್ತೆ, ಆಲ್ಬಮ್ಮಿಗೆ ಹಾಕಬಹುದಿತ್ತು, ಹಾಕಲಿಲ್ಲ. ಹಾಗಾಗಿ ನನ್ನ ಸಿಟ್ಟು ಈಗ ಇನ್ನೂ ಜಾಸ್ತಿ.

ಕೀಬೋರ್ಡ್ ಮೇಷ್ಟ್ರು, ಎಸ್‌ಎಸ್ ಪುರಂ
25 ಜೂನ್ 2023

ಸ್ಟೇಜಿನಲ್ಲಿ ಎಳೆಯೋದು, ರೆಕಾರ್ಡಿಂಗಿನಲ್ಲಿ ಕತ್ತರಿಸೋದು ಎಲ್ಲ ಕಡೆ ಇರೋದೇ. ನಮ್ಮ ಆರ್ಕೆಸ್ಟ್ರಾದಲ್ಲಿ ನಾಲ್ಕು ನಿಮಿಷದ ಸಿನಿಮಾ ಹಾಡು ಜನ ಕುಣಿಯೋಕೆ ನಿಂತರೆ ಹತ್ತು ನಿಮಿಷ ಆಗುತ್ತೆ. ಜನ ಎದುರಿಗಿದ್ದಾರೆ, ಅವರಿಗೆ ಬೇಕು ಅನ್ನೋದು ಕಣ್ಣಿಗೆ ಕಾಣುತ್ತೆ. ಸ್ಟುಡಿಯೊದಲ್ಲಿ ಎದುರಿಗೆ ಗೋಡೆ ಇರುತ್ತೆ.

ಬಟವಾಡಿ ಕೇಳುಗ
26 ಜೂನ್ 2023

ಆ ವಿಡಿಯೊ ನಾನೂ ನೋಡಿದೆ, ಮೈಮರೆತು ನೋಡಿದೆ. ಆದರೆ ಆಲ್ಬಮ್ಮಿನಲ್ಲಿ ಗಿಟಾರನ್ನ ಬಾಗಿಲ ಹತ್ರವೇ ನಿಲ್ಲಿಸಿದ್ದು ಬೇಕೂಂತಲೇ. ಅದರ ಮುಂದಿನ ಹಾಡು ‘ದಿ ಕಾರ್’ ಬಹಳ ಮೆಲ್ಲಗೆ ಶುರುವಾಗುತ್ತೆ. ‘ಬಾಡಿ ಪೇಂಟ್’ ಆರು ನಿಮಿಷ ಗರ್ಜಿಸಿದ್ದರೆ ಅದರ ಹಿಂದೆ ಆ ಹಾಡನ್ನ ಯಾರೂ ಕೇಳುತ್ತಿರಲಿಲ್ಲ. ಆಲ್ಬಮ್ಮನ್ನ ಸಾಲಾಗಿ ಕೇಳಬೇಕು ಅಂತ ನಾನು ಹಠ ಮಾಡೋದು ಇದಕ್ಕೇ. ಒಂದು ಹಾಡಿಗೆ ಕಮ್ಮಿಯಾದದ್ದು ಪಕ್ಕದ ಹಾಡಿಗೆ ಸಿಕ್ಕಿರುತ್ತೆ.

ಮಾರಿಕುಪ್ಪಂ ಲೋಕಲ್
8 ಸೆಪ್ಟೆಂಬರ್ 2023

ನಿನ್ನೆ ಮರ್ಕ್ಯುರಿ ಪ್ರಶಸ್ತಿ ಘೋಷಣೆಯಾಯ್ತು. ‘ದಿ ಕಾರ್’ ಅಂತಿಮ ಪಟ್ಟಿಯಲ್ಲಿತ್ತು, ಗೆಲ್ಲಲಿಲ್ಲ. ಎಜ್ರಾ ಕಲೆಕ್ಟಿವ್ ಅನ್ನೋ ಲಂಡನ್ನಿನ ಜಾಜ್ ತಂಡ ಗೆದ್ದಿದೆ. ಜಾಜ್ ತಂಡಕ್ಕೆ ಈ ಪ್ರಶಸ್ತಿ ಬಂದಿದ್ದು ಇದೇ ಮೊದಲು. ಮನೆಯಲ್ಲಿ ಅಪ್ಪ ಅವರ ತುತ್ತೂರಿ ಕೇಳಿ ‘ಇದು ಯಾವ ವರ್ಷದ್ದು’ ಅಂತ ಈಗ ಕೇಳಲ್ಲ, ಜೋರು ಮಾಡು ಅಂತಾರೆ.

ಹಾಸ್ಟೆಲ್ ಮೇಲ್ಮಹಡಿ
8 ಸೆಪ್ಟೆಂಬರ್ 2023

ಅಂಕಲ್, ಅಪ್ಪನಿಗೆ ಇಷ್ಟವಾದ ಹಳೇ ಹಾಡುಗಾರರ ಹೆಸರು ಇಲ್ಲಿ ಹಾಕ್ತೀರಾ? ನನ್ನ ರೂಮ್‌ಮೇಟ್‌ಗಳಿಗೆ ‘ಮಿರರ್‌ಬಾಲ್’ ತುಂಬ ಹಿಡಿಸಿದೆ, ಅದೇ ಥರದ್ದು ಇನ್ನೂ ಬೇಕಂತೆ.

ಗುಬ್ಬಿ ಗಿಟಾರ್
9 ಸೆಪ್ಟೆಂಬರ್ 2023

ಎಜ್ರಾ ಕಲೆಕ್ಟಿವ್ ಆಲ್ಬಮ್ ಕೇಳ್ತಾ ಇದ್ದೀನಿ. ಮಾತಿಲ್ಲದ ಹಾಡುಗಳೇ ಜಾಸ್ತಿ, ಆದರೂ ಮೂರು ರಾಗ ಆಗಲೇ ನಾಲಿಗೆ ಮೇಲಿವೆ. ಬಟವಾಡಿ ಅಣ್ಣ, ಗುನುಗೋಕೆ ಬರೋದು ಅಂದ್ರೆ ಇದು. ಹೊಸ ಚರ್ಚೆ ತೆಗೀರಿ, ಅಲ್ಲಿ ಬರೀತೀನಿ.